ಒಂದು ಮೂಟೆ ಯೂರಿಯಾ, ಮೂರೂವರೆ ರೂಪಾಯಿ ಅಕ್ಕಿ

ಕಳೆದ ತಿಂಗಳು ನಮ್ಮ ಮನೆಯಲ್ಲಿ ನಾಮಕರಣ ಇತ್ತು. ಚಿಂತಾಮಣಿ ಕಡೆಯ ಹಳ್ಳಿಯಿಂದ ದೊಡ್ಡಪ್ಪ ಬೆಳಗಿನ ಬಸ್ಸಿಗೇ ಬಂದಿದ್ದರು. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ನಮ್ಮ ಭಾವ ಮಾತು ತೆಗೆದರು. ಅವರಿಗೆ ಮಾರತ್ತಹಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸ. "ನಿಮಗೇನು ಮಾವ, ಪಂಪ್‌ಸೆಟ್ ಕರೆಂಟ್ ಫ್ರೀ, ಗೊಬ್ಬರ ಅಗ್ಗ, ಇನ್‌ಕಮ್ ಟ್ಯಾಕ್ಸ್ ಇಲ್ಲ" ಅಂದರು. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ವಾಪಸ್ ತಗೊಳ್ಳಿ ಅಳಿಯಂದ್ರೇ. ನಾನು ಬೆಳೆದಿದ್ದಕ್ಕೆ ಹೊರಗಡೆ ಏನು ರೇಟ್ ಇದ್ಯೋ ಅದನ್ನ ಕೊಡ್ಸಿ, ಸಾಕು" ಅಂದರು.

ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ನಮ್ಮ ಸರ್ಕಾರಗಳು ಕೃಷಿಗೆ ದೊಡ್ಡ ಮೊತ್ತದ ಸಬ್ಸಿಡಿ ಕೊಡುವುದು ನಿಜ. ಎಲ್ಲ ಲೆಕ್ಕ ಹಾಕಿದ ಮೇಲೆ ನಮ್ಮ ರೈತ ಪಡೆದಿದ್ದಕ್ಕಿಂತ ಕಳೆದುಕೊಂಡದ್ದೇ ಜಾಸ್ತಿ ಅನ್ನುವುದೂ ನಿಜ. ಈ ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಅಂತ ತಿಳಿದುಕೊಂಡರೆ, ದೇಶ ದೇಶಗಳ ವ್ಯಾಪಾರಕ್ಕೆ ನಿಯಮ ಮಾಡುವ ವಿಶ್ವ ವ್ಯಾಪಾರ ಸಂಸ್ಥೆ ಇರುವ ಜಿನೀವಾದಲ್ಲಿ ಮೂವತ್ತು ವರ್ಷಗಳಿಂದ ನಡೆಯುತ್ತಿರುವ ಜಗಳದ ಮುಕ್ಕಾಲು ಭಾಗ ತಿಳಿದ ಹಾಗೆ. ಅವತ್ತು ಭಾವನಿಗೆ ಹೇಳಬೇಕು ಅನ್ನಿಸಿಯೂ ಹೇಳಲಾಗದೆ ಹೋದದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ದುಡ್ಡು ಬರುವ ದಾರಿ

ಮೊದಲು ಒಂದು ಮೂಟೆ ಯೂರಿಯಾ ನೋಡೋಣ. 45 ಕೆಜಿ ಮೂಟೆ. ದೊಡ್ಡಪ್ಪ ಸೊಸೈಟಿಯಲ್ಲಿ ಕೊಡುವುದು 266 ರೂಪಾಯಿ ಚಿಲ್ಲರೆ. ಅದನ್ನು ತಯಾರಿಸಲು ಅಥವಾ ಹೊರಗಿನಿಂದ ತರಿಸಲು ಅದರ ಎಷ್ಟೋ ಪಟ್ಟು ಖರ್ಚಾಗುತ್ತದೆ. ಮಿಕ್ಕಿದ್ದನ್ನು ಕೇಂದ್ರ ಸರ್ಕಾರ ಗೊಬ್ಬರದ ಕಂಪನಿಗೆ ಕಟ್ಟಿಕೊಡುತ್ತದೆ. ಆ ದುಡ್ಡು ದೊಡ್ಡಪ್ಪನ ಕೈಗೆ ಬರುವುದೇ ಇಲ್ಲ. ಆದರೆ ಮೂಟೆ ಅಗ್ಗ ಅಂತ ಅವರು ಒಂದರ ಬದಲು ಒಂದೂವರೆ ಹಾಕುತ್ತಾರೆ. ಇದು ಒಂದು ದಾರಿ.

ಇನ್ನೊಂದು ದಾರಿ ಬೆಂಬಲ ಬೆಲೆ. "ಇಷ್ಟು ರೇಟಿಗೆ ನಾವೇ ಕೊಳ್ಳುತ್ತೇವೆ" ಅಂತ ಸರ್ಕಾರ ಬಿತ್ತನೆಗೆ ಮೊದಲೇ ಹೇಳುವುದು. ಮೂರನೆಯದು ಖಾತೆಗೆ ನೇರವಾಗಿ ಬೀಳುವ ದುಡ್ಡು, ಅಂದರೆ ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ. ನಾಲ್ಕನೆಯದು ಕಣ್ಣಿಗೇ ಬೀಳದ್ದು. ಹೊರಗಿನಿಂದ ಬರುವ ಸರಕಿನ ಮೇಲೆ ಹಾಕುವ ಆಮದು ಸುಂಕ. ಇದಕ್ಕೆ ಬಜೆಟ್‌ನಲ್ಲಿ ಒಂದು ರೂಪಾಯಿ ಖರ್ಚೂ ಕಾಣುವುದಿಲ್ಲ. ಸರಕು ಕೊಳ್ಳುವವರು ಸ್ವಲ್ಪ ಜಾಸ್ತಿ ಬೆಲೆ ಕೊಟ್ಟು ಬೆಳೆಯುವವರನ್ನು ಸಾಕುತ್ತಾರೆ, ಅಷ್ಟೇ.

ಈ ನಾಲ್ಕನ್ನೂ "ಸಬ್ಸಿಡಿ" ಅಂತ ಒಂದೇ ಮೂಟೆಗೆ ತುಂಬಿದಾಗಲೇ ಗೊಂದಲ ಶುರುವಾಗುವುದು. ಕೇಳಬೇಕಾದ ಪ್ರಶ್ನೆ ಒಂದೇ. ಈ ದುಡ್ಡು ಬಂದದ್ದರಿಂದ ರೈತ ಏನು ಬಿತ್ತಬೇಕು, ಎಷ್ಟು ಬಿತ್ತಬೇಕು ಅನ್ನುವ ತೀರ್ಮಾನ ಬದಲಾಯಿತಾ? ಪಿಎಂ ಕಿಸಾನ್ ಕಂತು ದೊಡ್ಡಪ್ಪ ರಾಗಿ ಹಾಕಿದರೂ ಬರುತ್ತದೆ, ಈರುಳ್ಳಿ ಹಾಕಿದರೂ ಬರುತ್ತದೆ, ಹೊಲ ಬೀಳು ಬಿಟ್ಟರೂ ಬರುತ್ತದೆ. ತೀರ್ಮಾನ ಬದಲಾಗುವುದಿಲ್ಲ. ಆದರೆ ಒಂದು ಬೆಳೆಗೆ ಮಾತ್ರ ಒಳ್ಳೆಯ ಬೆಲೆ ಖಾತ್ರಿ ಮಾಡಿದರೆ ಎಲ್ಲರೂ ಅದನ್ನೇ ಬಿತ್ತುತ್ತಾರೆ. ಬೆಳೆ ಹೆಚ್ಚಾಗುತ್ತದೆ, ಹೆಚ್ಚಾದದ್ದು ಹೊರದೇಶಕ್ಕೆ ಹೋಗುತ್ತದೆ, ಅಲ್ಲಿ ಬೆಲೆ ಬೀಳುತ್ತದೆ. ಒಂದು ದೇಶದ ಬಜೆಟ್ ಇನ್ನೊಂದು ದೇಶದ ಹೊಲಕ್ಕೆ ಕಾಲಿಡುವುದು ಹೀಗೆ.

ವಿಶ್ವಸಂಸ್ಥೆಯ ಮೂರು ಅಂಗಸಂಸ್ಥೆಗಳು 2021ರಲ್ಲಿ ಒಟ್ಟಿಗೆ ಒಂದು ವರದಿ ಕೊಟ್ಟವು. ಜಗತ್ತಿನ ಸರ್ಕಾರಗಳು ಕೃಷಿಕರಿಗೆ ವರ್ಷಕ್ಕೆ ಸುಮಾರು 540 ಬಿಲಿಯನ್ ಡಾಲರ್ ಬೆಂಬಲ ಕೊಡುತ್ತಿವೆ, ಅದರಲ್ಲಿ 87% ಒಂದೋ ಬೆಲೆಯನ್ನು ತಿರುಚುತ್ತದೆ, ಇಲ್ಲವೇ ಪರಿಸರಕ್ಕೋ ಸಮಾಜಕ್ಕೋ ಪೆಟ್ಟು ಕೊಡುತ್ತದೆ ಅಂತ ಅದು ಹೇಳಿತು. ಅಂದರೆ ಬಹುಪಾಲು ದುಡ್ಡು ಹೋಗುತ್ತಿರುವುದು ತಪ್ಪು ದಾರಿಯಲ್ಲಿ.

ಹತ್ತಿಯ ಕಥೆ

ಇದು ಹೇಗೆ ನಡೆಯುತ್ತದೆ ಅಂತ ನೋಡಲು ಹತ್ತಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2001-02ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಹತ್ತಿ ಬೆಲೆ ಕುಸಿದು ಪೌಂಡಿಗೆ 42 ಸೆಂಟ್ ಆಸುಪಾಸಿಗೆ ಬಂತು. ಬೆಲೆ ಅಷ್ಟು ಬಿದ್ದರೆ ಯಾವ ರೈತನಾದರೂ ಮುಂದಿನ ವರ್ಷ ಹತ್ತಿ ಕಡಿಮೆ ಮಾಡುತ್ತಾನೆ. ನಮ್ಮ ರಾಯಚೂರಿನವರೂ ಅದನ್ನೇ ಮಾಡುತ್ತಾರೆ. ಎಲ್ಲರೂ ಕಡಿಮೆ ಮಾಡಿದರೆ ಬೆಲೆ ಮತ್ತೆ ಮೇಲೇಳುತ್ತದೆ. ಆದರೆ ಅಮೆರಿಕದಲ್ಲಿ 2002ರ ಕೃಷಿ ಕಾಯ್ದೆ ಹತ್ತಿಗೆ ಪೌಂಡಿಗೆ 72.4 ಸೆಂಟ್ ಗುರಿ ಬೆಲೆ ಇಟ್ಟಿತು. ಮಾರುಕಟ್ಟೆ ಎಷ್ಟೇ ಬೀಳಲಿ, ಕೊರತೆಯ ಬಹುಪಾಲನ್ನು ಸರ್ಕಾರ ತುಂಬಿಕೊಡುತ್ತಿತ್ತು. ಅಲ್ಲಿನ ಸುಮಾರು 25,000 ಹತ್ತಿ ಬೆಳೆಗಾರರಿಗೆ 2001-02ರ ಒಂದೇ ಹಂಗಾಮಿನಲ್ಲಿ 3 ಬಿಲಿಯನ್ ಡಾಲರ್‌ಗೂ ಮೀರಿ ಹಣ ಹೋಗಿತ್ತು. ಹಾಗಿರುವಾಗ ಅವರು ಯಾಕೆ ಕಡಿಮೆ ಬಿತ್ತುತ್ತಾರೆ? ಹತ್ತಿ ರಫ್ತಿನಲ್ಲಿ ಆಗ ಅಮೆರಿಕ ಜಗತ್ತಿಗೇ ಮೊದಲಿತ್ತು. ಹಾಗಾಗಿ ಬೆಲೆ ಕೆಳಗೇ ಕೂತಿತು.

ಪೆಟ್ಟು ಬಿದ್ದದ್ದು ಎಲ್ಲಿಗೆ? ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ ದೇಶಗಳಿಗೆ. ಅಲ್ಲಿ ಹತ್ತಿ ಬಿಡಿಸುವುದು ಕೈಯಲ್ಲಿ, ಹೊಲ ಎರಡು ಮೂರು ಹೆಕ್ಟೇರ್, ಕೈಗೆ ಕಾಸು ಬರುವ ಬೆಳೆ ಅದೊಂದೇ. ಖರ್ಚಿನ ಲೆಕ್ಕದಲ್ಲಿ ಅವರು ಅಮೆರಿಕದವರಿಗಿಂತ ಅಗ್ಗವಾಗಿ ಬೆಳೆಯುತ್ತಿದ್ದರು. ಆದರೂ ಸೋತರು. ಇನ್ನೊಂದು ದೇಶದ ಖಜಾನೆಯ ಮುಂದೆ ಅವರ ದುಡಿಮೆ ನಿಲ್ಲಲಿಲ್ಲ. 2003ರಲ್ಲಿ ಈ ನಾಲ್ಕೂ ದೇಶಗಳು ಒಟ್ಟಾಗಿ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಗಿ, ನಮಗೆ ನೆರವು ಬೇಡ, ಹತ್ತಿ ಸಬ್ಸಿಡಿ ತೆಗೆಯಿರಿ ಅಂತ ಕೇಳಿದವು. ದೊಡ್ಡಪ್ಪನ ಮಾತಿಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ.

ಆ ಹೊತ್ತಿಗೆ ಬ್ರೆಜಿಲ್ ಇದೇ ವಿಷಯಕ್ಕೆ ಅಮೆರಿಕದ ಮೇಲೆ 2002ರಲ್ಲೇ ದೂರು ಹಾಕಿತ್ತು. ವಕೀಲರು, ಅರ್ಥಶಾಸ್ತ್ರಜ್ಞರು, ವರ್ಷಗಟ್ಟಲೆ ವಾದ. ಬ್ರೆಜಿಲ್ ಗೆದ್ದಿತು. ಪ್ರತೀಕಾರವಾಗಿ ಅಮೆರಿಕದ ಸರಕಿನ ಮೇಲೆ ಸುಂಕ ಹಾಕುವ ಹಕ್ಕೂ ಸಿಕ್ಕಿತು. ಕೊನೆಗೆ 2014ರಲ್ಲಿ ರಾಜಿ ಆಯಿತು. ಅಮೆರಿಕ 300 ಮಿಲಿಯನ್ ಡಾಲರ್ ಕೊಟ್ಟಿತು. ಆ ದುಡ್ಡು ಹೋದದ್ದು ಬ್ರೆಜಿಲ್‌ನ ಹತ್ತಿ ಬೆಳೆಗಾರರ ಸಂಸ್ಥೆಗೆ. ಮಾಲಿಯ ರೈತನಿಗೆ ಅಂತ ಪರಿಹಾರ ಬರಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಬೇಜಾರಾಗುವುದು ಇದೇ. ನಿಯಮ ಇತ್ತು, ತೀರ್ಪೂ ಬಂತು. ಆದರೆ ಪರಿಹಾರ ಸಿಕ್ಕಿದ್ದು ಕೇಸು ನಡೆಸುವ ತಾಕತ್ತಿದ್ದವರಿಗೆ.

ಹತ್ತಿ ವಿಷಯ ನಮಗೆ ದೂರದ್ದೇನಲ್ಲ. 2025ರ ಆಗಸ್ಟ್‌ನಲ್ಲಿ ಭಾರತ ಹತ್ತಿಯ ಮೇಲಿದ್ದ 11% ಆಮದು ಸುಂಕವನ್ನು ಸ್ವಲ್ಪ ಕಾಲಕ್ಕೆ ತೆಗೆದುಹಾಕಿತು. ಬಟ್ಟೆ ಮಿಲ್ಲುಗಳಿಗೆ ಅಗ್ಗದ ಹತ್ತಿ ಬೇಕಿತ್ತು. ಬೊಮ್ಮಸಂದ್ರದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳ ಕೆಲಸ ಉಳಿಯಲು ಅದು ಅನುಕೂಲ. ಹಾವೇರಿಯಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳಿಗೆ ಅದೇ ನಷ್ಟ.

ಕಬ್ಬನ್ ಪಾರ್ಕಿನಿಂದ ಜಿನೀವಾಗೆ

ಈಗ ನಿಯಮಗಳ ಪುಸ್ತಕಕ್ಕೆ ಬರೋಣ. 1986ರಿಂದ 1994ರವರೆಗೆ ನಡೆದ ಉರುಗ್ವೆ ಸುತ್ತಿನ ಮಾತುಕತೆಯಲ್ಲಿ ಕೃಷಿ ಮೊದಲ ಸಲ ಜಾಗತಿಕ ವ್ಯಾಪಾರದ ಕಟ್ಟುನಿಟ್ಟಿನ ಒಳಗೆ ಬಂತು. 1991ರ ಕೊನೆಯಲ್ಲಿ, ಆ ಮಾತುಕತೆ ನಡೆಸುತ್ತಿದ್ದ ಗ್ಯಾಟ್ ಸಂಸ್ಥೆಯ ಮುಖ್ಯಸ್ಥ ಆರ್ಥರ್ ಡಂಕೆಲ್ ಒಪ್ಪಂದದ ಕರಡು ಕೊಟ್ಟರು. ಡಂಕೆಲ್ ಅನ್ನುವ ಹೆಸರು ನಮ್ಮ ಹಳ್ಳಿಗಳ ಗೋಡೆಗಳ ಮೇಲೂ ಬಂದಿತ್ತು. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಆ ಕರಡಿನ ವಿರುದ್ಧ ಬೆಂಗಳೂರನ್ನೇ ಹಸಿರು ಮಾಡಿತು. 1993ರ ಅಕ್ಟೋಬರ್‌ನಲ್ಲಿ ಕಬ್ಬನ್ ಪಾರ್ಕಿನಲ್ಲಿ ಸೇರಿದ ರೈತರ ಸಂಖ್ಯೆ ಇವತ್ತಿಗೂ ಜನರ ನೆನಪಿನಲ್ಲಿದೆ. ದೊಡ್ಡಪ್ಪ ಊರಿನವರ ಜೊತೆ ಲಾರಿಯಲ್ಲಿ ಬಂದಿದ್ದರು. ಆ ಹಸಿರು ಶಾಲು ಈಗಲೂ ಅವರ ಟ್ರಂಕಿನಲ್ಲಿದೆ, ಒಂದು ಕಡೆ ಇಲಿ ಕಡಿದಿದೆ.

ರೈತ ಸಂಘದ ಒಂದು ಘೋಷಣೆ ಆಗ ಎಲ್ಲರ ಬಾಯಲ್ಲಿತ್ತು. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ. ಸುಮ್ನೆ ಕೂಗುವ ಮಾತು ಅಂತ ನಗರದವರು ಅಂದುಕೊಂಡಿದ್ದರು. ವಿಚಿತ್ರ ಏನೆಂದರೆ, ಅದೇ ಕಾಲದಲ್ಲಿ ಭಾರತ ಸರ್ಕಾರ ತಾನೇ ಜಿನೀವಾಗೆ ಕೊಟ್ಟ ಲೆಕ್ಕವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿತ್ತು. 1986-88ರ ಬೆಲೆಗಳನ್ನು ಹಿಡಿದು ಪ್ರತಿ ದೇಶವೂ ತನ್ನ ರೈತರಿಗೆ ಎಷ್ಟು ಬೆಂಬಲ ಸಿಗುತ್ತಿದೆ ಅಂತ ತೋರಿಸಬೇಕಿತ್ತು. ಭಾರತದ ಲೆಕ್ಕ ಮೈನಸ್‌ನಲ್ಲಿ ಬಂತು. ಗೊಬ್ಬರ, ವಿದ್ಯುತ್, ನೀರಿನ ಸಬ್ಸಿಡಿ ಎಲ್ಲ ಸೇರಿಸಿದರೂ, ಹೊರಗಿನ ಬೆಲೆಗಿಂತ ಒಳಗಿನ ಬೆಲೆಯನ್ನು ಕೆಳಗಿಟ್ಟದ್ದರಿಂದ ರೈತ ಕಳೆದುಕೊಂಡದ್ದು ಅದಕ್ಕಿಂತ ಹೆಚ್ಚಿತ್ತು. ಬಾಕಿದಾರ ಅನ್ನುವ ಮಾತಿಗೆ ಸರ್ಕಾರದ ಕಾಗದವೇ ಸಾಕ್ಷಿ.

ಇಲ್ಲೇ ಒಂದು ದೊಡ್ಡ ಎಡವಟ್ಟಾಯಿತು. ನಿಯಮ ಹೀಗಿತ್ತು: ಆ ವರ್ಷಗಳಲ್ಲಿ ಜಾಸ್ತಿ ಕೊಡುತ್ತಿದ್ದ ಶ್ರೀಮಂತ ದೇಶಗಳು ಅದನ್ನು 20% ಇಳಿಸಬೇಕು. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಆದರೆ 20% ಇಳಿಸಿದರೆ 80% ಕೊಡುವ ಹಕ್ಕು ಉಳಿಯಿತು. ಅಮೆರಿಕಕ್ಕೆ ವರ್ಷಕ್ಕೆ 19.1 ಬಿಲಿಯನ್ ಡಾಲರ್, ಯುರೋಪ್ ಒಕ್ಕೂಟಕ್ಕೆ ಸುಮಾರು 72 ಬಿಲಿಯನ್ ಯೂರೋ. ಭಾರತದಂತೆ ಆಗ ಲೆಕ್ಕದಲ್ಲಿ ಮೈನಸ್ ತೋರಿಸಿದ್ದವರಿಗೆ ಸಿಕ್ಕಿದ್ದು ಒಂದು ಸಣ್ಣ ವಿನಾಯಿತಿ. ಯಾವುದೇ ಬೆಳೆಯ ಒಟ್ಟು ಮೌಲ್ಯದ 10% ಮೀರಬಾರದು. ಶ್ರೀಮಂತ ದೇಶಗಳಿಗೆ ಆ ಮಿತಿ 5%, ಆದರೆ ಅವರಿಗೆ ಮೇಲೆ ಹೇಳಿದ ಹಕ್ಕಿನ ಮೊತ್ತ ಬೇರೆ ಇದೆ. ಮೊದಲೇ ತಪ್ಪು ಮಾಡಿದ್ದವರಿಗೆ ಆ ತಪ್ಪೇ ಆಸ್ತಿಯಾಯಿತು.

ಸಬ್ಸಿಡಿಗಳನ್ನು ಪೆಟ್ಟಿಗೆಗಳಾಗಿ ವಿಂಗಡಿಸಿದ್ದೂ ಆಗಲೇ. ಬೆಲೆ ತಿರುಚುವುದು ಹಳದಿ ಪೆಟ್ಟಿಗೆಗೆ, ಅದಕ್ಕೆ ಮಿತಿ ಉಂಟು. ತಿರುಚದ್ದು ಹಸಿರು ಪೆಟ್ಟಿಗೆಗೆ, ಅದಕ್ಕೆ ಮಿತಿಯೇ ಇಲ್ಲ. ನಡುವೆ ನೀಲಿ ಅಂತ ಒಂದಿದೆ, ಉತ್ಪಾದನೆಗೆ ಕಡಿವಾಣ ಹಾಕಿ ಕೊಡುವ ಹಣಕ್ಕೆ. ಬಡ ರೈತರಿಗೆ ಕೊಡುವ ಗೊಬ್ಬರ, ವಿದ್ಯುತ್ ಸಬ್ಸಿಡಿಗೆ ಅಭಿವೃದ್ಧಿಶೀಲ ದೇಶಗಳಿಗೆ ಪ್ರತ್ಯೇಕ ರಿಯಾಯಿತಿಯೂ ಉಂಟು. ತನ್ನ ರೈತರಲ್ಲಿ 99.43% ಜನ ಆ ವರ್ಗಕ್ಕೇ ಸೇರುತ್ತಾರೆ ಅಂತ ಭಾರತ ತಿಳಿಸಿದೆ. ಹಾಗಾಗಿ ಯೂರಿಯಾ ಮೂಟೆಯ ಮೇಲೆ ಜಿನೀವಾದಲ್ಲಿ ಅಷ್ಟಾಗಿ ಜಗಳವಿಲ್ಲ. ಜಗಳ ಇರುವುದು ಅಕ್ಕಿಯ ಮೇಲೆ.

ಮೂರೂವರೆ ರೂಪಾಯಿ ಅಕ್ಕಿ

ಭಾವ ಲೆಕ್ಕದ ಮನುಷ್ಯ. ಅವರಿಗಾಗಿ ಈ ಲೆಕ್ಕವನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

ಅಕ್ಕಿಗೆ ಭಾರತ ಎಷ್ಟು ಸಬ್ಸಿಡಿ ಕೊಟ್ಟಿತು ಅಂತ ಅಳೆಯುವಾಗ ವಿಶ್ವ ವ್ಯಾಪಾರ ಸಂಸ್ಥೆ ನಮ್ಮ ಬೆಂಬಲ ಬೆಲೆಯನ್ನು ಹೊರಗಿನ ಬೆಲೆಯ ಜೊತೆ ಹೋಲಿಸುತ್ತದೆ. ಯಾವ ವರ್ಷದ ಹೊರಗಿನ ಬೆಲೆ? ಈ ವರ್ಷದ್ದಲ್ಲ. 1986-88ರದ್ದು. ಟನ್ನಿಗೆ 262.51 ಡಾಲರ್. ಆಗಿನ ರೂಪಾಯಿಯಲ್ಲಿ ಕೆಜಿಗೆ ಸುಮಾರು ಮೂರೂವರೆ. ಅದನ್ನು ಹಾಗೇ ಕಲ್ಲಿನಲ್ಲಿ ಕೆತ್ತಿ ಇಟ್ಟಿದ್ದಾರೆ.

2018-19ರಲ್ಲಿ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 1,750 ರೂಪಾಯಿ. ಒಂದು ಕ್ವಿಂಟಾಲ್ ಭತ್ತ ಮಿಲ್ಲಿಗೆ ಹಾಕಿದರೆ 67 ಕೆಜಿ ಅಕ್ಕಿ. ಹಾಗಾದರೆ ಒಂದು ಟನ್ ಅಕ್ಕಿಗೆ ಸುಮಾರು 26,000 ರೂಪಾಯಿ. ಡಾಲರಿಗೆ 70 ರೂಪಾಯಿ ಹಿಡಿದರೆ 373 ಡಾಲರ್. ಕೆತ್ತಿಟ್ಟ ಬೆಲೆ ಕಳೆಯಿರಿ, 110 ಡಾಲರ್ ಉಳಿಯಿತು. ಸರ್ಕಾರ ಕೊಂಡದ್ದು ಸುಮಾರು 4.4 ಕೋಟಿ ಟನ್. ಗುಣಿಸಿ. 5 ಬಿಲಿಯನ್ ಡಾಲರ್ ಹತ್ತಿರ ಬರುತ್ತದೆ. ಆ ವರ್ಷ ದೇಶದಲ್ಲಿ ಬೆಳೆದ ಎಲ್ಲ ಅಕ್ಕಿಯ ಮೌಲ್ಯ 43.67 ಬಿಲಿಯನ್. ಅದರಲ್ಲಿ 5 ಬಿಲಿಯನ್ ಅಂದರೆ 11 ಚಿಲ್ಲರೆ ಶೇಕಡಾ. ಮಿತಿ 10. ಮೀರಿಹೋಯಿತು.

ಆದರೆ ಆ ವರ್ಷ ನಿಜವಾದ ಮಾರುಕಟ್ಟೆಯಲ್ಲಿ ಥಾಯ್ಲೆಂಡ್ ಅಕ್ಕಿ ಟನ್ನಿಗೆ 400 ಡಾಲರ್ ಆಸುಪಾಸಿತ್ತು. ನಮ್ಮ ಬೆಂಬಲ ಬೆಲೆ ಅದಕ್ಕಿಂತ ಕಡಿಮೆ! ಆ ಬೆಲೆಯ ಜೊತೆ ಹೋಲಿಸಿದರೆ ಸಬ್ಸಿಡಿಯೇ ಇಲ್ಲ. ಮೂವತ್ತು ವರ್ಷದ ಹಣದುಬ್ಬರವೇ ಇಲ್ಲಿ ಸಬ್ಸಿಡಿಯ ವೇಷ ಹಾಕಿಕೊಂಡು ಬಂದಿದೆ. ಇಂದಿರಾನಗರದಲ್ಲಿ 1987ರಲ್ಲಿದ್ದ ಸೈಟಿನ ಬೆಲೆ ಹಿಡಿದು ಇವತ್ತು ಕೊಂಡವನಿಗೆ "ನೀನು ಜಾಸ್ತಿ ಕೊಟ್ಟೆ" ಅಂದ ಹಾಗೆ.

ಇದರಿಂದ ಸದ್ಯಕ್ಕೆ ನಮ್ಮನ್ನು ಕಾಯುತ್ತಿರುವುದು 2013ರ ಡಿಸೆಂಬರ್‌ನಲ್ಲಿ ಬಾಲಿಯಲ್ಲಿ ಆದ ಒಪ್ಪಂದ. ಆಹಾರ ಭದ್ರತೆಗೆ ದಾಸ್ತಾನು ಮಾಡುವ ಅಭಿವೃದ್ಧಿಶೀಲ ದೇಶ ಮಿತಿ ಮೀರಿದರೂ ಯಾರೂ ಕೇಸು ಹಾಕಬಾರದು ಅಂತ. ಅದಕ್ಕೆ ಶಾಂತಿ ಷರತ್ತು ಅನ್ನುತ್ತಾರೆ. ಶಾಶ್ವತ ಪರಿಹಾರ ಸಿಗುವವರೆಗೆ ಅದು ಇರುತ್ತದೆ ಅಂತ 2014ರ ನವೆಂಬರ್‌ನಲ್ಲಿ ಖಚಿತಪಡಿಸಿದರು. 2020ರಲ್ಲಿ ಭಾರತ ಅಕ್ಕಿಯ ವಿಷಯಕ್ಕೆ ಅದನ್ನು ಮೊದಲ ಸಲ ಬಳಸಿತು. ಶಾಶ್ವತ ಪರಿಹಾರ 2024ರಲ್ಲಿ ಅಬುಧಾಬಿಯಲ್ಲಿ ಸೇರಿದಾಗಲೂ ಆಗಲಿಲ್ಲ. ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ತರುವವರ ಪೈಕಿ ಎಷ್ಟು ಜನಕ್ಕೆ ಗೊತ್ತು, ಆ ಚೀಲದ ಹಿಂದೆ ಹೀಗೊಂದು ತಾತ್ಕಾಲಿಕ ರಕ್ಷಣೆ ಇದೆ ಅಂತ?

ಸುಧಾರಣೆ ಅಂದಾಕ್ಷಣ ಎಲ್ಲರಿಗೂ ಒಳ್ಳೆಯದಲ್ಲ

ಇಲ್ಲಿಯವರೆಗೆ ಓದಿದವರಿಗೆ ಶ್ರೀಮಂತ ದೇಶಗಳು ಸಬ್ಸಿಡಿ ನಿಲ್ಲಿಸಿದರೆ ಬಡ ದೇಶಗಳಿಗೆಲ್ಲ ಒಳ್ಳೆಯದಾಗುತ್ತದೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಯುರೋಪಿನ ಸಕ್ಕರೆ ಕಥೆ ಓದಿದ ಮೇಲೆ ಅಷ್ಟು ಸುಲಭ ಅಲ್ಲ ಅಂತ ಗೊತ್ತಾಯಿತು.

ಯುರೋಪ್ ತನ್ನ ಸಕ್ಕರೆಗೆ ಜಗತ್ತಿನ ಬೆಲೆಯ ಎಷ್ಟೋ ಪಟ್ಟು ಕೊಡುತ್ತಿತ್ತು. ಹೆಚ್ಚಾದದ್ದನ್ನು ಹೊರಗೆ ಅಗ್ಗಕ್ಕೆ ಸುರಿಯುತ್ತಿತ್ತು. ಬ್ರೆಜಿಲ್, ಥಾಯ್ಲೆಂಡ್, ಆಸ್ಟ್ರೇಲಿಯಾ ಕೇಸು ಹಾಕಿ ಗೆದ್ದವು. 2006ರಿಂದ ಯುರೋಪ್ ಸಕ್ಕರೆ ಬೆಲೆಯನ್ನು ಹಂತ ಹಂತವಾಗಿ 36% ಇಳಿಸಿತು. ಸುಧಾರಣೆಯೇ, ಸಂಶಯವಿಲ್ಲ. ಆದರೆ ಕೆರಿಬಿಯನ್ ದ್ವೀಪಗಳು, ಮಾರಿಷಸ್, ಫಿಜಿಯಂತಹ ಹಳೆಯ ವಸಾಹತುಗಳು ಅದೇ ಎತ್ತರದ ಬೆಲೆಗೆ ಯುರೋಪಿಗೆ ಸಕ್ಕರೆ ಮಾರಿ ಬದುಕಿದ್ದವು. ಬೆಲೆ ಇಳಿಯುತ್ತದೆ ಅಂತ ಗೊತ್ತಾಗುತ್ತಿದ್ದ 2005ರಲ್ಲಿ ಸೇಂಟ್ ಕಿಟ್ಸ್ ಅನ್ನುವ ಪುಟ್ಟ ದ್ವೀಪ ಮುನ್ನೂರು ವರ್ಷಕ್ಕೂ ಹಳೆಯ ತನ್ನ ಸಕ್ಕರೆ ಉದ್ಯಮವನ್ನೇ ಮುಚ್ಚಿತು. ಒಂದು ಬಡ ದೇಶಕ್ಕೆ ಬಾಗಿಲು ತೆರೆದಾಗ ಇನ್ನೊಂದಕ್ಕೆ ಮುಚ್ಚಿತು.

ಆಹಾರ ಕೊಂಡು ತಿನ್ನುವ ದೇಶಗಳದ್ದು ಇನ್ನೊಂದು ಕಷ್ಟ. ಹೈಟಿಯನ್ನು ನೋಡಿ. 1990ರ ದಶಕದ ನಡುವೆ ಅಂತರರಾಷ್ಟ್ರೀಯ ಒತ್ತಡಕ್ಕೆ ಸಿಕ್ಕಿ ಅಕ್ಕಿಯ ಆಮದು ಸುಂಕವನ್ನು ಬರೀ 3%ಗೆ ಇಳಿಸಿತು. ಅಮೆರಿಕದ ಸಬ್ಸಿಡಿ ಅಕ್ಕಿ ಹರಿದು ಬಂತು. ನಗರದ ಬಡವರಿಗೆ ಅನ್ನ ಅಗ್ಗವಾಯಿತು, ಅದನ್ನು ಇಲ್ಲ ಅನ್ನುವಂತಿಲ್ಲ. ಆದರೆ ಹೈಟಿಯ ಭತ್ತದ ರೈತರು ಗದ್ದೆ ಬಿಟ್ಟು ಅದೇ ನಗರದ ಕೊಳೆಗೇರಿಗೆ ಬಂದರು. 2008ರಲ್ಲಿ ಜಗತ್ತಿನ ಅಕ್ಕಿ ಬೆಲೆ ಒಮ್ಮೆಲೇ ಏರಿದಾಗ ಕೊಳ್ಳಲು ಕಾಸಿಲ್ಲ, ಬೆಳೆಯಲು ಗದ್ದೆಯಲ್ಲಿ ಜನರಿಲ್ಲ. ಬೀದಿ ಬೀದಿಯಲ್ಲಿ ಗಲಭೆಯಾಗಿ ಪ್ರಧಾನಿ ಅಧಿಕಾರ ಕಳೆದುಕೊಂಡರು. 2010ರಲ್ಲಿ ಬಿಲ್ ಕ್ಲಿಂಟನ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು, ಆ ನೀತಿ ತಪ್ಪಾಗಿತ್ತು ಅಂತ ಒಪ್ಪಿಕೊಂಡರು.

ಬಡ ದೇಶಕ್ಕೆ ರೈತನ ಖಾತೆಗೆ ಹಾಕಲು ದುಡ್ಡಿರುವುದಿಲ್ಲ. ಅದರ ಕೈಯಲ್ಲಿರುವುದು ಬಾಗಿಲು ಮಾತ್ರ, ಅಂದರೆ ಸುಂಕ. ಶ್ರೀಮಂತ ದೇಶ ಸಬ್ಸಿಡಿ ಉಳಿಸಿಕೊಂಡು ಬಡ ದೇಶಕ್ಕೆ ಬಾಗಿಲು ತೆಗೆ ಅಂದರೆ, ಅದು ಸುಧಾರಣೆ ಅಲ್ಲ. 2008ರ ಜುಲೈನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ದೋಹಾ ಸುತ್ತಿನ ಮಾತುಕತೆ ಮುರಿದುಬಿದ್ದದ್ದೂ ಇದೇ ಕಾರಣಕ್ಕೆ. ಆಮದು ಏಕಾಏಕಿ ಏರಿದರೆ ಸುಂಕ ಹಾಕಿ ರೈತರನ್ನು ಕಾಪಾಡುವ ಹಕ್ಕು ಎಷ್ಟಿರಬೇಕು ಅನ್ನುವಲ್ಲಿ ಭಾರತ ಮತ್ತು ಅಮೆರಿಕ ಒಪ್ಪಲಿಲ್ಲ.

ನಮ್ಮ ಪಕ್ಕದ ರಾಮನಗರಕ್ಕೆ ಇದರ ಬಿಸಿ ತಟ್ಟಿತ್ತು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ 30%ನಿಂದ 5%ಗೆ ಇಳಿಯಿತು. ಚೀನಾ ರೇಷ್ಮೆ ಬಂತು, ಗೂಡಿನ ಬೆಲೆ ಕುಸಿಯಿತು. ಹಿಪ್ಪುನೇರಳೆ ತೋಟ ಕಿತ್ತವರೂ ಇದ್ದರು. 2013ರಲ್ಲಿ ಸುಂಕ ಮತ್ತೆ 15%ಗೆ ಏರಿತು. ಆದರೆ ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ ಮಗ್ಗ ಇಟ್ಟುಕೊಂಡವರನ್ನು ಕೇಳಿ, ಅವರಿಗೆ ಅಗ್ಗದ ನೂಲೇ ಬೇಕು. ಇಬ್ಬರೂ ಬಡವರೇ. ಸುಂಕದ ಒಂದೊಂದು ಶೇಕಡಾವೂ ಇವರಿಬ್ಬರ ನಡುವೆ ಹಂಚಿಕೆಯಾಗಬೇಕು.

ನಮ್ಮದೇ ಕೈ

ಇನ್ನು ಹೇಳಲೇಬೇಕಾದ್ದು ನಮ್ಮ ತಪ್ಪು. ಹೊರಗಿನವರನ್ನು ಬೈದು ಇದನ್ನು ಬಿಟ್ಟರೆ ನ್ಯಾಯ ಆಗುವುದಿಲ್ಲ.

ದೊಡ್ಡಪ್ಪ ಬೆಳೆಯುವುದು ಗುಲಾಬಿ ಈರುಳ್ಳಿ. ಗೋಲಿ ಗಾತ್ರ, ಒಳ್ಳೆಯ ಬಣ್ಣ, ಬಲು ಖಾರ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರ ಬಿಟ್ಟರೆ ಬೇರೆ ಕಡೆ ಅಷ್ಟಾಗಿ ಬೆಳೆಯುವುದಿಲ್ಲ. 2015ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಬೆಂಗಳೂರಿನ ಅಡುಗೆಮನೆಗಳಲ್ಲಿ ಇದನ್ನು ಯಾರೂ ಹೆಚ್ಚುವುದಿಲ್ಲ. ಚೆನ್ನೈ ಬಂದರಿನಿಂದ ಮಲೇಷ್ಯಾ, ಸಿಂಗಾಪುರಕ್ಕೆ ಹೋಗಬೇಕು, ಹೋದರೇ ಬೆಲೆ. 2023ರ ಆಗಸ್ಟ್‌ನಲ್ಲಿ ಈರುಳ್ಳಿ ಬೆಲೆ ಏರಬಾರದು ಅಂತ ಎಲ್ಲ ಈರುಳ್ಳಿಗೂ 40% ರಫ್ತು ಸುಂಕ ಬಿತ್ತು. ನಮ್ಮವರು ತಿನ್ನದ ಈರುಳ್ಳಿಗೂ! ವ್ಯಾಪಾರಿ ಫೋನ್ ಎತ್ತುವುದನ್ನೇ ಬಿಟ್ಟ. ಈರುಳ್ಳಿ ಕಿತ್ತು ಶೆಡ್ಡಿನಲ್ಲಿ ಹರಡಿದ್ದರು. ದೊಡ್ಡಮ್ಮ ದಿನಾ ಸಂಜೆ ಕೊಳೆತದ್ದನ್ನು ಆರಿಸಿ ತೆಗೆಯುತ್ತಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ಗುಲಾಬಿ ಈರುಳ್ಳಿಗೆ ವಿನಾಯಿತಿ ಬಂತು. ಒಂದೂವರೆ ತಿಂಗಳು ಈರುಳ್ಳಿ ಕಾಯುತ್ತದೆಯೇ?

ಇಂತಹ ನಿರ್ಬಂಧಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ವರ್ಷ ವರ್ಷವೂ ಹೇಳುವುದು, ಭಾರತದ ರೈತರಿಗೆ ಸಿಗುವ ನಿವ್ವಳ ಬೆಂಬಲ ಇವತ್ತಿಗೂ ಮೈನಸ್ ಅಂತ. ಒಂದು ಕೈಯಲ್ಲಿ ಯೂರಿಯಾ ಕೊಟ್ಟು ಇನ್ನೊಂದು ಕೈಯಲ್ಲಿ ಬೆಲೆ ಕಿತ್ತುಕೊಳ್ಳುತ್ತೇವೆ. ಭಾವನಿಗೆ ಕಾಣುವುದು ಮೊದಲನೆಯ ಕೈ, ದೊಡ್ಡಪ್ಪನಿಗೆ ಎರಡನೆಯದು.

ಆ ಎರಡನೆಯ ಕೈ ಹೊರಗಿನ ಬಡವರಿಗೂ ಏಟು ಕೊಡುತ್ತದೆ. ಜಗತ್ತಿನ ಅಕ್ಕಿ ರಫ್ತಿನಲ್ಲಿ ಸುಮಾರು 40% ಭಾರತದ್ದು. 2023ರ ಜುಲೈನಲ್ಲಿ ನಾವು ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದೆವು, 2024ರ ಸೆಪ್ಟೆಂಬರ್‌ವರೆಗೆ. ಪಶ್ಚಿಮ ಆಫ್ರಿಕಾದಲ್ಲಿ ಅದೇ ಅಕ್ಕಿ ನಂಬಿಕೊಂಡ ಸಂಸಾರಗಳಿದ್ದವು. ಹತ್ತಿಯಲ್ಲಿ ಅಮೆರಿಕದಿಂದ ಪೆಟ್ಟು ತಿಂದ ಅದೇ ಬೆನಿನ್ ನಮ್ಮ ಅಕ್ಕಿಯ ದೊಡ್ಡ ಗಿರಾಕಿ.

ಹಾಗಾದರೆ ನಮ್ಮೊಳಗಿನ ಸಬ್ಸಿಡಿ ಬದಲಾಗಬಾರದಾ? ಬದಲಾಗಲೇಬೇಕು ಅಂತ ನನ್ನ ಅಭಿಪ್ರಾಯ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಫ್ರೀ. ನಮ್ಮ ಚಿಂತಾಮಣಿ, ಕೋಲಾರದ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಗದ ಬೋರ್‌ವೆಲ್‌ಗಳೇ ಜಾಸ್ತಿ. ಕರೆಂಟ್ ಫ್ರೀ, ಆದರೆ ಬೋರ್ ಕೊರೆಸಿದ ಸಾಲ ಫ್ರೀ ಅಲ್ಲ. ಯೂರಿಯಾ ಅಗ್ಗವಾಗಿ, ಪೊಟ್ಯಾಷ್ ದುಬಾರಿಯಾಗಿ ಮಣ್ಣು ಹಾಳಾಗಿದೆ. ಆ ದುಡ್ಡನ್ನೇ ನೇರವಾಗಿ ರೈತನಿಗೆ ಕೊಟ್ಟರೆ ನೀರು, ಮಣ್ಣು ಎರಡೂ ಸ್ವಲ್ಪ ಉಸಿರಾಡುತ್ತವೆ. ಯುರೋಪ್ 2003ರಲ್ಲಿ ಮಾಡಿದ್ದು ಇದನ್ನೇ. ಬೆಳೆಗೆ ಕೊಡುತ್ತಿದ್ದ ಹಣದ ಬಹುಪಾಲನ್ನು ಬೆಳೆಯಿಂದ ಬಿಡಿಸಿ ಜಮೀನಿನ ಲೆಕ್ಕಕ್ಕೆ ಕೊಟ್ಟರು. ಹೆಚ್ಚಾಗಿ ನೀಲಿ ಪೆಟ್ಟಿಗೆಯಲ್ಲಿದ್ದದ್ದು ಹಸಿರಿಗೆ ಹೋಯಿತು.

ಆದರೆ ಇಲ್ಲಿ ಒಂದು ಕಲ್ಲು ಅಡ್ಡ ಇದೆ. ಖಾತೆಗೆ ದುಡ್ಡು ಬೀಳುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ದೊಡ್ಡಪ್ಪನ ಪಕ್ಕದ ಹೊಲವನ್ನು ಒಬ್ಬ ಹುಡುಗ ವಾರಕ್ಕೆ, ಅಂದರೆ ಒಡೆಯರಿಗೆ ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ, ಮಾಡುತ್ತಾನೆ. ಜಮೀನಿನ ಒಡೆಯರು ಬೆಂಗಳೂರಿನಲ್ಲಿದ್ದಾರೆ. ಪಿಎಂ ಕಿಸಾನ್ ಅವನಿಗಿಲ್ಲ. ಅಗ್ಗದ ಯೂರಿಯಾ ಮೂಟೆ ಮಾತ್ರ ಅವನಿಗೂ ಸಿಗುತ್ತದೆ, ಯಾಕೆಂದರೆ ಮೂಟೆ ಕೊಳ್ಳುವಾಗ ಸಾಮಾನ್ಯವಾಗಿ ಯಾರೂ ಪಹಣಿ ಕೇಳುವುದಿಲ್ಲ. ಸಬ್ಸಿಡಿಯನ್ನು ನಗದಾಗಿ ಬದಲಿಸುವ ಮುಂಚೆ ವಾರಕ್ಕೆ, ಗುತ್ತಿಗೆಗೆ ಮಾಡುವವರನ್ನು ಕಾಗದದ ಮೇಲೆ ತರಬೇಕು. ಇನ್ನೊಂದು ಮಾತು. ಈ 6,000 ರೂಪಾಯಿ 2019ರಲ್ಲಿ ಶುರುವಾದಾಗಲೂ 6,000, ಆಮೇಲೆಯೂ 6,000. ಮೂಟೆಯ ಬೆಲೆ ಹಿಡಿದಿಟ್ಟರೆ ಹಣದುಬ್ಬರದ ಭಾರ ಸರ್ಕಾರದ ಮೇಲೆ, ನಗದು ಕೊಟ್ಟರೆ ಅದು ರೈತನ ಮೇಲೆ. ಸುಧಾರಣೆ ಅಂದಾಗ ರೈತರು ಅನುಮಾನ ಪಡುವುದು ಮೊಂಡುತನದಿಂದಲ್ಲ.

ಈ ವರ್ಷ ದೊಡ್ಡಪ್ಪ ಈರುಳ್ಳಿ ಅರ್ಧಕ್ಕೆ ಇಳಿಸಿ ರಾಗಿ ಹಾಕಿದ್ದಾರೆ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಭತ್ತಕ್ಕೆ 2,369. ರಾಗಿ ಜಗತ್ತಿನ ಮಾರುಕಟ್ಟೆಯಲ್ಲಿ ಅಷ್ಟಾಗಿ ಓಡಾಡುವ ಧಾನ್ಯ ಅಲ್ಲ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯುವವರು ನಾವೇ, ಅದನ್ನು ಮುದ್ದೆ ಮಾಡಿ ತಿನ್ನುವವರೂ ಹೆಚ್ಚಾಗಿ ನಾವೇ. ಈ ಬೆಂಬಲ ಬೆಲೆಯಿಂದ ಮಾಲಿಯಲ್ಲೋ ಹೈಟಿಯಲ್ಲೋ ಯಾರ ಹೊಲವೂ ಬಾಡುವುದಿಲ್ಲ. ಬೋರ್‌ವೆಲ್ ನೀರೂ ಬೇಡ, ಮಳೆ ಸಾಕು. ಖರೀದಿ ಕೇಂದ್ರದಲ್ಲಿ ನೋಂದಣಿಗೆ ಬೆಳಗಿನ ಜಾವ ಹೋಗಿ ನಿಂತು ಚೀಟಿ ತಂದಿದ್ದಾರೆ. ಪಕ್ಕದ ಹೊಲದ ಹುಡುಗನೂ ರಾಗಿಯನ್ನೇ ಹಾಕಿದ್ದಾನೆ. ನೋಂದಣಿಗೆ ಜಮೀನಿನ ಒಡೆಯರ ಆಧಾರ್, ಪಹಣಿ ಬೇಕು. ಅವರಿರುವುದು ನಮ್ಮ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆ. ಮಾತಾಡಿ ನೋಡು ಅಂತ ದೊಡ್ಡಪ್ಪ ನನಗೆ ಹೇಳಿ ಹೋಗಿದ್ದಾರೆ. ಭಾನುವಾರ ಭಾವನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.